ಸಾಲಿಗೆ ಸೇರಿದ ಕಂಪ್ಯೂಟರ್

ಒಂದೊಂದೇ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ, ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಒತ್ತುತ್ತ ಕೂರುವ ಕೆಲಸ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ದಾಂಡೇಲಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಲ್ಯಾಬ್ ನೋಡಿಕೊಳ್ಳಲು ಹಳಿಯಾಳದಿಂದ ಓಡಾಡತೊಡಗಿದಾಗ ಅಲ್ಲಿನ ಯಂತ್ರಗಳಿಗೆ ಮೊದಲು ಒಂದು ರೂಢಿ ಹಚ್ಚಿದೆ. ಕರೆಂಟ್ ಬಂದೊಡನೆ ಅವು ತಾವೇ ಚಾಲೂ ಆಗಬೇಕು. ತಮ್ಮ ಡಿಸ್ಕ್ ನೋಡುವ ಮೊದಲು ನೆಟ್‌ವರ್ಕ್ ವೈರಿನ ಕಡೆ ನೋಡಬೇಕು. ಆ ತುದಿಯಲ್ಲಿ ನನ್ನ ಲ್ಯಾಪ್‌ಟಾಪ್ ಕಾಯುತ್ತಿದ್ದರೆ ಹಳೆಯದನ್ನೆಲ್ಲ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಬೇಕು. ಯಾರನ್ನೂ ಏನೂ ಕೇಳಕೂಡದು. ಅದೇ ಅದರ ಸೊಗಸು ಎಂದು ಆಗ ಬೀಗುತ್ತಿದ್ದೆ.

ಆ ಸಲ ದಸರಾ ಮುಗಿದ ಮರುದಿನವೇ ಕೇಂದ್ರದಲ್ಲಿ ಆನ್‌ಲೈನ್ ಪರೀಕ್ಷೆ ಇತ್ತು. ಅದಕ್ಕೆ ಎಲ್ಲ ಕಂಪ್ಯೂಟರುಗಳಿಗೂ ಬೇಕಿದ್ದ ಹೊಸ ಸಿಸ್ಟಂ ಹಬ್ಬದ ಹೊತ್ತಿಗಷ್ಟೇ ನನ್ನ ಕೈಸೇರಿತ್ತು. ಆದರೆ ನಮ್ಮ ಕಡೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯಾದ ಯಂತ್ರವನ್ನು ಮರುದಿನ ಸಂಜೆ ಬನ್ನಿ ಹಂಚುವ ತನಕ ಯಾರೂ ಮುಟ್ಟುವುದಿಲ್ಲ. ಕೇಂದ್ರದ ಮಾಲೀಕರಂತೂ ಈ ವಿಷಯದಲ್ಲಿ ಬಲು ಗಟ್ಟಿ.

"ಪೂಜಿ ಆದ ಮ್ಯಾಲ ಒಂದ ಕೀ ಸೈತ ಒತ್ತಂಗಿಲ್ಲ ನೋಡ್ರಿ ಮೇಡಂ," ಎಂದರು.

"ಒತ್ತೂದ ಬ್ಯಾಡ್ರಿ ಸರ. ಆರತಿ ಹೊತ್ತಿನ್ಯಾಗ ನೀವು ಮೇನ್ ಸ್ವಿಚ್ ಹಾಕ್ರಿ. ಮುಂದಿಂದು ಅವ ಮಾಡ್ಕೋತಾವು," ಎಂದೆ. ಅವರಿಗೆ ಖುಷಿಯಾಯಿತು.

ಕೇಂದ್ರದ ಪಕ್ಕದಲ್ಲಿ ಒಂದು ಫೋಟೊ ಸ್ಟುಡಿಯೋ ಇತ್ತು. ಅದನ್ನು ಒಬ್ಬಳೇ ನಡೆಸುತ್ತಿದ್ದ ಹುಡುಗಿ ನಮ್ಮ ಲ್ಯಾಬಿನಿಂದಲೇ ಒಂದು ಹಳೆಯ ಕಂಪ್ಯೂಟರ್ ಒಯ್ದಿದ್ದಳು. ಪೂಜೆಯ ಹಿಂದಿನ ದಿನ ಚಹಾ ಕುಡಿಯುತ್ತ ಅದರಲ್ಲಿದ್ದ ಒಂದು ಫೋಟೊ ತೋರಿಸಿದಳು. ತೇರಗಾಂವದ ಅಜ್ಜನೊಬ್ಬ ಮೊಮ್ಮಗಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದನ್ನೇ ನೋಡುತ್ತ ನಗುತ್ತಿದ್ದ. ಫೋಟೊ ತೆಗೆಸಿಕೊಂಡು ಹೋದ ಕೆಲವೇ ದಿನಗಳಲ್ಲಿ ಅಜ್ಜ ತೀರಿಕೊಂಡಿದ್ದ. ಕೂಸಿನ ಜೊತೆ ಆತನದು ಅದೊಂದೇ ಫೋಟೊ. ಹಬ್ಬ ಮುಗಿಯುತ್ತಲೇ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡಬೇಕಿತ್ತು. ಕ್ಯಾಮೆರಾದ ಕಾರ್ಡಿನಿಂದ ಅದು ಆಗಲೇ ಅಳಿಸಿಹೋಗಿತ್ತು.

"ಇದೊಂದ ಐತ್ರಿ ಅಕ್ಕಾರ. ಮೊಮ್ಮಗಳು ದಿನಾ ಫೋನ್ ಮಾಡ್ತಾಳ," ಎಂದಳು.

ಪೂಜೆಯ ದಿನ ಬೆಳಿಗ್ಗೆ ಎಲ್ಲ ಸಜ್ಜು ಮಾಡಿ ನಾನು ಹೂವು ತರಲು ಪೇಟೆಗೆ ಹೋದೆ. ತಿರುಗಿ ಬಂದು ನೋಡಿದರೆ ಸಾಲಿನ ಕೊನೆಗೆ ಆಕೆಯ ಕಂಪ್ಯೂಟರೂ ಕೂತಿತ್ತು. "ಒಬ್ಬಾಕಿನ ಯಾಕ ಪೂಜಿ ಮಾಡ್ಬೇಕು, ಎಲ್ಲಾರೂ ಕೂಡಿ ಮಾಡೂಣು" ಎಂದು ಮಾಲೀಕರೇ ಹೊತ್ತು ತಂದಿದ್ದರಂತೆ. ಒಳ್ಳೆಯದಾಯಿತು ಎಂದುಕೊಂಡು ಅದಕ್ಕೂ ನಾನೇ ಚೆಂಡುಹೂವಿನ ಮಾಲೆ ಹಾಕಿದೆ. ಹಿಂಬದಿಗೆ ಹೊಸ ಬಟ್ಟೆ ಇಳಿಬಿಟ್ಟಿದ್ದರು. ಅದನ್ನು ಸರಿಸಿ ನೋಡಲಿಲ್ಲ.

ಆರತಿ ಶುರುವಾಯಿತು. ಮಾಲೀಕರು ಮೇನ್ ಸ್ವಿಚ್ ಹಾಕಿದರು. ಪರದೆಗಳೆಲ್ಲ ಒಮ್ಮೆಲೇ ಬೆಳಗಿದವು, ಕುಂಕುಮದ ಬೊಟ್ಟುಗಳ ಕೆಳಗೆ ಒಂದೇ ಥರದ ಪಟ್ಟಿ ಮುಂದೆ ಸರಿಯತೊಡಗಿತು. ಮಂದಿ ಕಣ್ಣರಳಿಸಿ ನೋಡುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಸಾಲಿನುದ್ದಕ್ಕೂ ಕಣ್ಣು ಹಾಯಿಸುತ್ತ ಕೊನೆಗೆ ಬಂದೆ. ಅಲ್ಲಿಯೂ ಅದೇ ಪಟ್ಟಿ ಸರಿಯುತ್ತಿತ್ತು.

ಮಂದಿಯನ್ನು ತಳ್ಳಿಕೊಂಡು ನುಗ್ಗಿದೆ. ಆರತಿ ತಟ್ಟೆ ಹಿಡಿದ ಮಾಲೀಕರು ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದರು.

"ಮುಟ್ಟಬ್ಯಾಡ್ರಿ ಮೇಡಂ! ಆರತಿ ನಡದೈತಿ!"

"ಬಿಡ್ರಿ ಸರ! ಫೋಟೊ ಹೊಂಟಾವು!"

ಯಾರಿಗೂ ಅರ್ಥವಾಗಲಿಲ್ಲ. ನಾನು ಮಾಲೆ ಸರಿಪಡಿಸಲು ನುಗ್ಗಿದೆನೆಂದುಕೊಂಡ ಸ್ಟುಡಿಯೋದ ಹುಡುಗಿ, "ಇರ್ಲಿ ಬಿಡ್ರಿ ಅಕ್ಕಾರ, ಹೂವು ಆಮ್ಯಾಲೆ ಸರಿ ಮಾಡೂಣು," ಎಂದು ನನ್ನನ್ನೇ ಸಮಾಧಾನ ಮಾಡಿದಳು. ಕೈ ಕೊಸರಿಕೊಂಡು ಬಟ್ಟೆ ಎಳೆದೆ, ಕರೆಂಟಿನ ವೈರು ಕಿತ್ತೆ. ಪರದೆ ಕಪ್ಪಾಯಿತು. ಆರತಿಯ ಹಾಡು ಅರ್ಧಕ್ಕೇ ನಿಂತಿತು.

ಹಿಂಬದಿಗೆ ನೆಟ್‌ವರ್ಕ್ ವೈರನ್ನೂ ಯಾರೋ ಸಿಕ್ಕಿಸಿದ್ದರು. "ಇದನ್ನ ಯಾರು ಹಚ್ಚಿದ್ರಿ?" ಎಂದು ಚೀರಿದೆ.

"ನಾನ ಹಚ್ಚೇನ್ರಿ," ಎಂದರು ಮಾಲೀಕರು. "ಎಲ್ಲಾದಕ್ಕೂ ಎರಡೆರಡು ವೈರ್ ಇದ್ವು. ದೇವರ ಮುಂದ ಇದೊಂದನ್ನ ಯಾಕ ಬ್ಯಾರೆ ಮಾಡೂದಂತ..."

ನೆತ್ತಿಗೇರಿದ ಸಿಟ್ಟನ್ನು ಎಲ್ಲಿ ಹಾಕಲಿ? ಪಾಪ, ಅವರು ಪ್ರೀತಿಯಿಂದ ಮಾಡಿದ್ದರು. ಲ್ಯಾಬಿನಲ್ಲಿದ್ದಾಗ ನಾನು ಹಚ್ಚಿದ್ದ ರೂಢಿಯಂತೆ ಆ ಯಂತ್ರ ಯಾರನ್ನೂ ಕೇಳದೆ ತನ್ನ ಕೆಲಸ ಮಾಡಿತ್ತು. ಏನಾಯಿತೆಂದು ಹುಡುಗಿಗೆ ಹೇಳಿದೆ. ಆಕೆ ಅಳಲಿಲ್ಲ. ಮುಂದೆ ಬಂದು ತನ್ನ ಕಂಪ್ಯೂಟರಿನ ಮಾಲೆಯನ್ನು ತಾನೇ ತೆಗೆದಳು.

"ಬನ್ನಿ ತನಕ ಕಾಯಾಕ ನನ್ನ ಕಡೆ ಆಗೂದಿಲ್ಲ. ಈಗ ಬಿಚ್ರಿ," ಎಂದಳು. ಮಾಲೀಕರು ದೀಪ ಸರಿಸಿ ಜಾಗ ಮಾಡಿಕೊಟ್ಟರು.

ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಹಚ್ಚಿ, ಅಳಿದ ಫೈಲುಗಳನ್ನು ಹುಡುಕುವ ಸಾಫ್ಟ್‌ವೇರ್ ಓಡಿಸಿದೆ. ಹೊಸ ಸಿಸ್ಟಂ ಎಷ್ಟು ಜಾಗದ ಮೇಲೆ ಕೂತಿತ್ತೋ ಅಷ್ಟು ಹೋದಂತೆ, ಉಳಿದದ್ದು ಸಿಗಬಹುದು. ಫೋಟೊಗಳು ಹೆಸರಿಲ್ಲದೆ, ಕ್ರಮವಿಲ್ಲದೆ ಬರತೊಡಗಿದವು. ಪಾಸ್‌ಪೋರ್ಟ್ ಸೈಜಿನ ಮುಖಗಳು, ಅತ್ತಿವೇರಿಯ ಹಕ್ಕಿಗಳು, ಯಾರೋ ಬಸುರಿಯ ಕುಬುಸದ ಕಾರ್ಯ. ಕೆಲವು ಪೂರ್ತಿ ಇದ್ದವು, ಕೆಲವು ಅರ್ಧದಿಂದ ಕೆಳಗೆ ಬರೀ ಬೂದು ಬಣ್ಣ. ಪ್ರತಿ ಫೋಟೊಕ್ಕೂ ಆಕೆ ಪರದೆಯ ಕಡೆ ಬಾಗುತ್ತಿದ್ದಳು, ಮತ್ತೆ ಹಿಂದಕ್ಕೆ ಸರಿಯುತ್ತಿದ್ದಳು.

ಅಜ್ಜ ಬಂದ. ರುಮಾಲು, ಬಿಳಿ ಮೀಸೆ, ಬಾಗಿದ ಕತ್ತು, ಆ ನಗು ಎಲ್ಲ ಇದ್ದವು. ಎದೆಯಿಂದ ಕೆಳಗೆ ಬೂದು.

"ಕೂಸು ಎಲ್ಲೈತ್ರಿ?" ಎಂದಳು.

ಮತ್ತೆ ಮತ್ತೆ ಹುಡುಕಿದೆ. ಕೂಸು ಸಿಗಲಿಲ್ಲ.

ಹಬ್ಬ ಮುಗಿದ ಮೇಲೆ ಮೊಮ್ಮಗಳು ಕೂಸನ್ನು ಎತ್ತಿಕೊಂಡು ಬಂದಳು. ನಾನೇ ಹೇಳುತ್ತೇನೆಂದರೂ ಸ್ಟುಡಿಯೋದ ಹುಡುಗಿ ಬಿಡಲಿಲ್ಲ. ನಡೆದದ್ದನ್ನೆಲ್ಲ ತಾನೇ ಹೇಳಿ ಫೋಟೊ ತೋರಿಸಿದಳು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ಮೊಮ್ಮಗಳು ಬಹಳ ಹೊತ್ತು ಅಜ್ಜನ ಮುಖ ನೋಡಿದಳು. ಆಮೇಲೆ ಕೂಸನ್ನು ಸೊಂಟದಿಂದ ಇಳಿಸಿ, ಪರದೆಯ ಮುಂದೆ, ಆ ಬೂದು ಜಾಗಕ್ಕೆ ಸರಿಯಾಗಿ ಅಡ್ಡ ಹಿಡಿದಳು. ಅಜ್ಜ ಅದನ್ನೇ ನೋಡಿ ನಗುತ್ತಿದ್ದ.

"ಹಿಂಗ ಒಂದು ತಗೀರಿ," ಎಂದಳು.

ಸ್ಟುಡಿಯೋದ ಹುಡುಗಿ ಕ್ಯಾಮೆರಾ ಎತ್ತಿಕೊಂಡಳು. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ.