ಸಿಸಿಲಿ ಬಾಯಿಯ ಗೇಟು ದಾಟಿ ಡೆಟ್ರಾಯಿಟ್‌ಗೆ

ಬೆಳಿಗ್ಗೆ ಇಡ್ಲಿ ಬೇಯಿಸಿದೆ, ಟ್ಯಾಂಕಿಗೆ ನೀರು ಬಿಟ್ಟೆ, ಇವರ ಅಂಗಿಯ ಗುಂಡಿ ಹೊಲಿದೆ, ಬಂಗುಡೆ ಮೀನು ತಂದವಳ ಹತ್ತಿರ ಚೌಕಾಸಿ ಮಾಡಿ ಸೋತೆ. ಆಮೇಲೆ ಮಣಿಪಾಲಕ್ಕೆ ಹೋಗಿ ಬಲಗಾಲಿನ ಮಂಡಿ ತೋರಿಸಿಕೊಂಡು ಬಂದೆ. ಹೊರಡುವಾಗ ಪಕ್ಕದ ಮನೆಯ ಸಿಸಿಲಿ ಬಾಯಿ ತಮ್ಮ ಗೇಟಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು.

“ಎಲ್ಲಿಗೆ ಹೊರಟದ್ದು?”

“ಹೀಗೇ, ಇಲ್ಲಿಗೆ” ಎಂದೆ.

ಬಸ್ಸು ಹತ್ತಿ ಕೂತ ಮೇಲೆ ನನಗೇ ನಗು ಬಂತು. ಬೇರೆ ಯಾವ ದಿನವಾದರೂ ಸರಿ, ಇವತ್ತು ಆ ಮಾತು ಬರಬಾರದಿತ್ತು. ನನ್ನ ತಂಗಿ ವನಿತಾ ಇರುವುದು ಕೆನಡಾದ ವಿಂಡ್ಸರಿನಲ್ಲಿ, ಕೆಲಸ ಮಾಡುವುದು ನದಿಯ ಆಚೆ ಅಮೆರಿಕದ ಡೆಟ್ರಾಯಿಟಿನಲ್ಲಿ. ದಿನಾ ಸೇತುವೆ ದಾಟಿ ಹೋಗಿ ಸಂಜೆ ಮನೆಗೆ ಬರುತ್ತಾಳೆ. ಅವಳ ಕೆಲಸದ ಪರವಾನಗಿಯ ಮೂರು ವರ್ಷ ಮುಗಿಯುತ್ತಾ ಬಂದಿದೆ. ಇವತ್ತು ನಮಗೆ ಸಂಜೆಯಾಗುವ ಹೊತ್ತಿಗೆ ಅಲ್ಲಿ ಬೆಳಗಾಗುತ್ತದೆ. ಆಗ ಅವಳು ಗಡಿಯ ಅಧಿಕಾರಿಯ ಎದುರು ನಿಂತು ಆ ಪರವಾನಗಿಯನ್ನು ಹೊಸದು ಮಾಡಿಸಬೇಕು. ಮೊದಲ ಸಲ ಅವಳನ್ನು ಆ ಗಡಿಯಿಂದ ವಾಪಸು ಕಳಿಸಿದ್ದೇ ಈ “ಹೀಗೇ, ಇಲ್ಲಿಗೆ.”

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುತ್ತಾರೆ, ಎಲ್ಲರೂ ಕೇಳುತ್ತಾರೆ. ಕೇಳಿದರೆ ಸರಿಯಾಗಿ ಹೇಳಬಾರದು ಎಂದು ಅಮ್ಮ ಕಲಿಸಿದ್ದಳು. ಹೇಳಿದರೆ ಹೋದ ಕೆಲಸ ಕೆಡುತ್ತದಂತೆ. ಕಾಪುವಿನ ನಮ್ಮ ಮಾವ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ. ಒಮ್ಮೆ ಉಡುಪಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರನಿಗೂ “ಇಲ್ಲೇ, ಮುಂದೆ” ಎಂದುಬಿಟ್ಟರು. “ಮುಂಬೈಯೂ ಮುಂದೆಯೇ ಉಂಟು ಮಾರಾಯ್ರೆ, ಯಾವುದು ಕೊಡ್ಲಿ?” ಎಂದು ಅವನು ಕೇಳಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ವನಿತಾ ಮಣಿಪಾಲದಲ್ಲಿ ಫಿಸಿಯೋಥೆರಪಿ ಓದಿದವಳು. ಮದುವೆಯಾಗಿ ವಿಂಡ್ಸರಿಗೆ ಹೋಗಿ, ವರ್ಷಗಟ್ಟಲೆ ಕಾದು ಅಲ್ಲಿನ ಪೌರತ್ವ ಪಡೆದಳು. ಮೂರು ವರ್ಷದ ಹಿಂದೆ ಅವಳು ಕೆಲಸ ಮಾಡುತ್ತಿದ್ದ ಕ್ಲಿನಿಕ್ ಮುಚ್ಚಿತು. ಆಗ ಆಚೆ ದಡದ ಆಸ್ಪತ್ರೆಯೊಂದು ಕರೆಯಿತು: ಪಾರ್ಶ್ವವಾಯು ಬಡಿದವರನ್ನು ಮತ್ತೆ ನಡೆಸುವ ಕೆಲಸ. ಅವಳಿಗೆ ಬೇಕಾದದ್ದೇ ಅದು.

ಕೆನಡಾದ ಪ್ರಜೆಗಳಿಗೆ ಅಲ್ಲೊಂದು ಅನುಕೂಲ ಉಂಟು. ಇಂಜಿನಿಯರ್, ನರ್ಸ್, ಫಿಸಿಯೋಥೆರಪಿಸ್ಟ್ ಎಂದು ಕೆಲವು ಉದ್ಯೋಗಗಳ ಪಟ್ಟಿ ಇದೆ. ಅದರಲ್ಲಿ ನಮ್ಮ ಉದ್ಯೋಗ ಇದ್ದರೆ ವೀಸಾ ಕಚೇರಿಗೆ ಅಲೆಯಬೇಕಾಗಿಲ್ಲ. ಪಾಸ್‌ಪೋರ್ಟು, ಡಿಗ್ರಿ, ಕೆಲಸ ಕೊಡುವವರ ಪತ್ರ ಹಿಡಿದು ಗಡಿಗೇ ಹೋಗಿ ಕೇಳಬಹುದು. ಅಲ್ಲೇ ತೀರ್ಮಾನ. ಆದರೆ ನಾವು ಯಾರು, ಎಂತಕ್ಕೆ ಬಂದದ್ದು, ಎಷ್ಟು ಕಾಲಕ್ಕೆ ಎಂದು ಬಾಯಿಬಿಟ್ಟು ಹೇಳಬೇಕು. ಪಟ್ಟಿಯಲ್ಲಿ ಸಹಾಯಕರಿಗೆ ಜಾಗವಿಲ್ಲ. ಅಮೆರಿಕದಲ್ಲೇ ನೆಲೆಸುತ್ತೇನೆ ಎನ್ನುವವರಿಗೂ ಇಲ್ಲ.

ನಮ್ಮ ಹುಡುಗಿ ಹೋಗಿ ನಿಂತಳು. ಎಲ್ಲಿಗೆ ಎಂದರೆ “ಇಲ್ಲೇ, ಸೇತುವೆಯ ಆಚೆ” ಎಂದಳು. ಏನು ಕೆಲಸ ಎಂದರೆ, ದೊಡ್ಡಸ್ತಿಕೆ ಆಗಬಾರದೆಂದು, “ಕಾಯಿಲೆಯವರಿಗೆ ನಡೆಯಲು ಸ್ವಲ್ಪ ಸಹಾಯ ಮಾಡುತ್ತೇನೆ” ಎಂದಳು. ಎಷ್ಟು ಕಾಲ ಎಂದರೆ “ಅವರಿಗೆ ಬೇಕಾಗುವಷ್ಟು ಕಾಲ” ಎಂದಳು. ಎಲ್ಲವೂ ಇಂಗ್ಲಿಷಿನಲ್ಲೇ, ಎಲ್ಲವೂ ಅಮ್ಮ ಕಲಿಸಿದ ಹಾಗೆಯೇ. ಪತ್ರದಲ್ಲಿ ಒಂದು, ಬಾಯಿಯಲ್ಲಿ ಇನ್ನೊಂದು. ಅಧಿಕಾರಿ ಮರ್ಯಾದೆಯಿಂದಲೇ ಕಾಗದಗಳನ್ನು ಹಿಂದಕ್ಕೆ ಕೊಟ್ಟು, ಸ್ಪಷ್ಟ ಮಾಡಿಕೊಂಡು ಬನ್ನಿ ಎಂದರಂತೆ. ಆ ತಿಂಗಳೊಳಗೆ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತು ಆಸ್ಪತ್ರೆ.

ಊರಿಗೆ ಬರಲು ಟಿಕೆಟ್ ಮೊದಲೇ ಆಗಿತ್ತು. ಬಂದವಳು ಕಲ್ಯಾಣಪುರದ ನಮ್ಮ ಜಗಲಿಯಲ್ಲಿ ಮುಖ ಸಣ್ಣ ಮಾಡಿ ಕೂತಳು. ಕಥೆ ಕೇಳಿದ ಸಿಸಿಲಿ ಬಾಯಿ, “ಇಷ್ಟೇಯಾ? ಈ ಮೂರು ಪ್ರಶ್ನೆ ನಾನು ದಿನಾ ಕೇಳುತ್ತೇನೆ ಅಲ್ವಾ? ನಾಳೆಯಿಂದ ನನ್ನ ಗೇಟಿಗೆ ಬಾ” ಎಂದರು.

ಮರುದಿನ ಇಬ್ಬರೂ ಗೇಟಿನ ಆಚೆ ಈಚೆ ನಿಂತರು.

“ಎಲ್ಲಿಗೆ?”

“ಡೆಟ್ರಾಯಿಟಿನ ಆಸ್ಪತ್ರೆಗೆ.”

“ಎಂತ ಕೆಲಸ?”

“ನಾನು... ಫಿಸಿಯೋಥೆರಪಿಸ್ಟ್.”

“ಕೇಳಿಸಲಿಲ್ಲ. ನಿನ್ನ ಹೆಸರು ಹೇಳಲು ನಿನಗೆ ನಾಚಿಕೆ ಆಗ್ತದಾ? ಇದೂ ಅಷ್ಟೇ. ಇನ್ನೊಮ್ಮೆ ಹೇಳು.”

ಹೇಳಿದಳು.

“ಎಷ್ಟು ಕಾಲ?”

“ಮೂರು ವರ್ಷ. ನನ್ನ ಮನೆ ವಿಂಡ್ಸರಿನಲ್ಲಿ, ದಿನಾ ಸಂಜೆ ಅಲ್ಲಿಗೇ ಬರುತ್ತೇನೆ.”

“ಸಂಬಳ ಎಷ್ಟು?”

“ಅದು ಪತ್ರದಲ್ಲಿ ಉಂಟು ಬಾಯಿ.”

“ಪತ್ರ ನನಗೆ ಯಾರು ತೋರಿಸಿದ್ದು?”

ವನಿತಾ ನಕ್ಕಳು, ಬಂದ ಮೇಲೆ ಮೊದಲ ಸಲ. ಅಂದಿನಿಂದ ಅವಳನ್ನು ಹಿಡಿಯುವವರಿಲ್ಲ. ಕಾರ್ಕಳಕ್ಕೆ ಹೋಗಲೆಂದು ಸಂತೆಕಟ್ಟೆಯಲ್ಲಿ ಬಸ್ಸಿಗೆ ನಿಂತಿದ್ದಾಗ ಮಲ್ಲಿಗೆ ಮಾರುವವಳು ಸುಮ್ಮನೆ “ಎಲ್ಲಿಗೆ ಅಕ್ಕಾ?” ಎಂದಳು. ವನಿತಾ ಹೋಗುವ ಊರು, ಕಾರಣ, ವಾಪಸು ಬರುವ ಹೊತ್ತು ಎಲ್ಲ ಒಪ್ಪಿಸಿದಳು. ಪಾಪ, ಆ ಹೆಂಗಸು ಗಾಬರಿಯಲ್ಲಿ ಒಂದು ಮೊಳ ಹೆಚ್ಚು ಹೂವು ಕೊಟ್ಟಳು. ನಾನು ನಾಚಿಕೆಯಿಂದ ಎರಡು ಹೆಜ್ಜೆ ದೂರ ನಿಂತಿದ್ದೆ. ವಿಂಡ್ಸರಿಗೆ ವಾಪಸು ಹೋಗಿ ಮತ್ತೆ ಗಡಿಯಲ್ಲಿ ನಿಂತವಳನ್ನು, ತಿಂಗಳು ಮುಗಿಯುವ ಮೊದಲೇ ಸೇತುವೆ ದಾಟಿಸಿತು.

ಇವತ್ತು ಮಣಿಪಾಲದಲ್ಲಿ ನನಗೆ ಕಾಲು ಎತ್ತಿ ಇಳಿಸುವುದನ್ನು ಕಲಿಸಿದ ಹುಡುಗಿ, ಮಂಡಿ ನೋವು ಎಷ್ಟು ಸಮಯದಿಂದ ಎಂದು ಕೇಳಿದಳು. “ಹೀಗೇ, ಸ್ವಲ್ಪ ಸಮಯದಿಂದ” ಎಂದೆ. ಅವಳು ಬರೆಯಲು ಪೆನ್ನು ಹಿಡಿದು, ಎಷ್ಟು ತಿಂಗಳು ಎಂದಳು. ಕೊನೆಗೆ ಹೇಳಬೇಕಾಯಿತು: ಕಳೆದ ಮಳೆಗಾಲದಿಂದ. ತಂಗಿಗೂ ಹೇಳಿರಲಿಲ್ಲ.

ಸಂಜೆ ದೀಪ ಹಚ್ಚುವಾಗ ವನಿತಾಳ ಫೋನು ಬಂತು. “ಆಯಿತಕ್ಕಾ. ಇನ್ನು ಮೂರು ವರ್ಷ. ಅವರು ಮೂರನೆಯ ಪ್ರಶ್ನೆ ಕೇಳುವ ಮೊದಲೇ ಉತ್ತರ ಹೇಳಿಬಿಟ್ಟೆ. ನೀನು ಎಂತ ಮಾಡಿದೆ ಇವತ್ತು?”

ನಾಲಿಗೆಯ ತುದಿಗೆ ಅದೇ ಮಾತು ಬಂದಿತ್ತು. ನುಂಗಿದೆ. ಮಂಡಿಯ ಸುದ್ದಿ ಪೂರ್ತಿ ಹೇಳಿದೆ. ಗಂಟೆ ಹೊತ್ತು ಬೈಸಿಕೊಂಡೆ. ಬೈಗುಳದ ನಡುನಡುವೆ ಮಂಡಿಯ ಕೆಳಗೆ ಟವೆಲ್ ಹೇಗೆ ಸುತ್ತಿ ಇಡಬೇಕೆಂದೂ ಕಲಿತೆ. ಆಮೇಲೆ ಗೇಟಿಗೆ ಹೋಗಿ ಕರೆದೆ.

“ಬಾಯಿ, ವನಿತಾಳದ್ದು ಆಯಿತಂತೆ. ಮತ್ತೆ, ಬೆಳಿಗ್ಗೆ ನಾನು ಹೋದದ್ದು ಮಣಿಪಾಲಕ್ಕೆ, ಮಂಡಿ ತೋರಿಸಲು. ನಾಳೆಯೂ ಹೋಗಲಿಕ್ಕೆ ಉಂಟು, ಒಂದು ಗಂಟೆಗೆ ವಾಪಸು ಬರುತ್ತೇನೆ.”

“ಗೊತ್ತುಂಟು” ಎಂದರು ಸಿಸಿಲಿ ಬಾಯಿ. “ನೀನು ನಡೆಯುವುದು ನನಗೆ ಕಾಣುವುದಿಲ್ಲವಾ? ನಾಳೆ ನಾನೂ ಬರುತ್ತೇನೆ. ನನಗೆ ಎರಡೂ ಕಾಲು.”

ರಾತ್ರಿ ಕುಚ್ಚಲಕ್ಕಿ ಗಂಜಿ, ಹುಳಿಖಾರ ಹಾಕಿದ ಬಂಗುಡೆ ಪುಳಿಮುಂಚಿ, ಸಿಸಿಲಿ ಬಾಯಿ ಕೊಟ್ಟ ಮಾವಿನ ಉಪ್ಪಿನಕಾಯಿ ತುಸು. ಉಂಡಾದ ಮೇಲೆ ಚಾಪೆ ಹಾಸಿ, ಟವೆಲ್ ಸುತ್ತಿಟ್ಟು, ಕಾಲು ಎತ್ತಿದ್ದನ್ನು ಎಣಿಸಿ ಎಂದು ಇವರನ್ನು ಪಕ್ಕದಲ್ಲಿ ಕೂರಿಸಿದೆ. ನಾಲ್ಕು ಎಂದವರು ಐದು ಎನ್ನುವ ಮೊದಲೇ ನಿದ್ದೆ ಹೋದರು.