ಬಲಗಡೆಯ ಪುಟ

ಬಟ್ಟೆ ಹೊಲಿಯುವವಳ ಅಳತೆ ಪುಸ್ತಕದಲ್ಲಿ ಸುಳ್ಳಿಗೆ ಜಾಗವಿಲ್ಲ. ಅರ್ಧ ಇಂಚು ತಪ್ಪು ಬರೆದರೂ ಅಂಗಿ ಕಂಕುಳಲ್ಲಿ ಬಿಗಿಯುತ್ತದೆ. ಹಾಗಾಗಿ, ಎಂಟು ವರ್ಷದ ಮಗಳಿಗೆ ಫಿಟ್ಸ್ ಶುರುವಾಗಿ, "ಒಂದೂ ಮುಚ್ಚಿಡದೆ ಬರೆದಿಡಮ್ಮ" ಎಂದು ಡಾಕ್ಟರು ಹೇಳಿದಾಗ, ಅವಳು ಹೊಸದೊಂದು ಅಳತೆ ಪುಸ್ತಕವನ್ನೇ ತೆಗೆದಳು. ಎಡಗಡೆಯ ಪುಟದಲ್ಲಿ ಫಿಟ್ಸ್ ಬಂದ ಹೊತ್ತು, ಮಾತ್ರೆ ಬದಲಾದ ದಿನ. ಬಲಗಡೆಯಲ್ಲಿ ಮಗಳ ನಡವಳಿಕೆ: 'ತಟ್ಟೆ ಎಸೆದಳು.' 'ಪಕ್ಕದ ಹುಡುಗಿಯ ಜಡೆ ಎಳೆದಳು.' 'ಕತ್ತರಿ ಹಿಡಿದು ಬಂದಳು, ಆಮೇಲೆ ತಬ್ಬಿಕೊಂಡು ಅತ್ತಳು.' ಎರಡೂ ಪುಟ ಸೇರಿಸಿ ಓದಿದರೆ ಗೊತ್ತಾಗುತ್ತಿತ್ತು, ಮಾತ್ರೆ ಬದಲಾದ ವಾರವೇ ಮಗು ಕೆಂಡವಾಗುತ್ತಿತ್ತು. ಮನೆಯಲ್ಲಿ ಅವಳನ್ನು ಕರೆಯುವುದೇ ಮೆಣಸು ಎಂದು.

ಮೆಣಸಿನ ಕ್ಲಾಸ್ ಟೀಚರು ಹಳೆಯ ಗಿರಾಕಿ. ಅಳತೆ ಕೊಡುತ್ತಲೇ ಕಷ್ಟಸುಖ ಹಂಚಿಕೊಂಡವರು.

"ಆ ಪುಸ್ತಕ ಎರಡು ದಿನ ಕೊಡಿ ಅಕ್ಕ. ಮಗೂನ ಅರ್ಥ ಮಾಡ್ಕೋಬೇಕಲ್ಲ ನಾನೂ."

"ನಗಬೇಡಿ ಟೀಚರ್, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ."

"ಹೊಲಿಗೆ ನೆಟ್ಟಗಿದ್ರೆ ಸಾಕು ಬಿಡಿ."

ಪುಸ್ತಕ ಹೇಳಿದ ದಿನಕ್ಕೇ ವಾಪಸ್ಸು ಬಂತು. ಮುಂದಿನ ವಾರ ಹೆಡ್‌ಮಾಸ್ಟರು ಕರೆಸಿದರು. ಮೇಜಿನ ಮೇಲೆ ಜೆರಾಕ್ಸ್ ಹಾಳೆಗಳು, ಪಕ್ಕದಲ್ಲಿ ಟೀಚರು.

"ಇದು ನಿಮ್ಮ ಕೈಬರಹಾನೇ ತಾನೆ? ಕತ್ತರಿ ಹಿಡ್ಕೊಂಡು ಬರೋ ಮಗೂನ ಬೇರೆ ಮಕ್ಕಳ ಮಧ್ಯೆ ಹೇಗಮ್ಮ ಕೂರಿಸೋದು? ಈ ತಿಂಗಳೇ ಟಿ.ಸಿ. ತಗೊಂಡುಬಿಡಿ."

ಅವಳು ಹಾಳೆಗಳನ್ನು ತಿರುವಿದಳು. ಎಲ್ಲವೂ ಬಲಗಡೆಯವೇ.

"ಎಡಗಡೆ ಪುಟ ಎಲ್ಲಿ ಟೀಚರ್?"

ಟೀಚರು ಕಿಟಕಿಯ ಕಡೆ ನೋಡುತ್ತಿದ್ದರು. ಮೈಮೇಲಿದ್ದದ್ದು ಅವಳೇ ಹೊಲಿದ ಅಂಗಿ. ಭುಜದ ಮೇಲೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತ್ತು.

"ಅದರಲ್ಲಿ ಬರೀ ಮಾತ್ರೆ ವಿಷಯ ಇತ್ತಲ್ಲಕ್ಕ."

"ಮಾತ್ರೆ ಬದಲಾದಾಗಲೇ ಹೀಗಾಡ್ತಾಳೆ ಸಾರ್, ಪುಸ್ತಕ ತಂದು ತೋರಿಸ್ತೀನಿ."

"ಅದನ್ನೆಲ್ಲ ಡಾಕ್ಟರಿಗೆ ತೋರಿಸಿ," ಎಂದರು ಹೆಡ್‌ಮಾಸ್ಟರು.

ಅವತ್ತು ಸಂಜೆ ಮೆಣಸು ಸ್ಕೂಲ್ ಬ್ಯಾಗನ್ನು ಗೋಡೆಗೆ ಎಸೆದಳು. ತಡೆಯಲು ಹೋದ ಅಮ್ಮನ ಮುಂಗೈ ಕಚ್ಚಿದಳು. ಬೆಳಗಾದರೆ ಡಾಕ್ಟರ ಹತ್ತಿರ ಹೋಗಬೇಕಿತ್ತು. 'ಹೊಸ ಮಾತ್ರೆ, ನಾಲ್ಕನೇ ದಿನ' ಎಂದು ಅವಳು ಎಡಗಡೆ ಬರೆದಳು. ಬಲಗಡೆಗೆ ಬಂದ ಪೆನ್ನು ಬಹಳ ಹೊತ್ತು ನಿಂತೇ ಇತ್ತು. ಕೊನೆಗೆ 'ಏನೂ ಇಲ್ಲ' ಎಂದು ಬರೆದು, ಹಲ್ಲಿನ ಗುರುತು ಕಾಣದಂತೆ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.