ಎಂಟು ಸುತ್ತಿನ ಕುದುರೆ

ಕಳೆದ ಸೋಮವಾರ ಬಾಲಗಾಂವದ ಗಿರಾಕಿಯೊಬ್ಬ ನಮ್ಮ ಅಂಗಡಿಗೆ ಬಂದಿದ್ದ. ಎತ್ತಿನ ಕಾಲಿಗೆ ತಿಕ್ಕುವ ಎಣ್ಣೆ ಬೇಕೆಂದ. ಅದನ್ನು ನಾನು ಇಡುವುದಿಲ್ಲ ಎಂದೆ. ಆತ ನಂಬಲಿಲ್ಲ. ಮೂಗುದಾಣ, ಗೆಜ್ಜೆ, ಹಗ್ಗ, ಬಾರುಕೋಲು ಎಲ್ಲ ತೂಗಿಬಿಟ್ಟ ಅಂಗಡಿಯಲ್ಲಿ ಎಣ್ಣೆಯೊಂದೇ ಇಲ್ಲವೆಂದರೆ ಯಾರು ನಂಬುತ್ತಾರೆ? ಚೀಲದಿಂದ ಹಳೆಯ ಶೀಸೆ ತೆಗೆದು, ಬಿರಡೆ ಬಿಚ್ಚಿ ನನ್ನ ಮೂಗಿಗೇ ಹಿಡಿದ. "ಇಂಥಾದ್ದ ಬೇಕ್ರಿ, ವಾಸನಿ ನೋಡ್ರಿ." ಕರ್ಪೂರ, ಟರ್ಪೆಂಟೈನು, ಸಾಸಿವೆ ಎಣ್ಣೆ... ನನ್ನ ಎರಡೂ ಮೀನಖಂಡಗಳು ತಾವಾಗಿ ಬಿಗಿದವು. ಆತನ ಮೇಲೆ ಸುಮ್ಮಸುಮ್ಮನೆ ರೇಗಿಬಿಟ್ಟೆ. ಆತ ಗೊಣಗುತ್ತ ಹೋದ.

ಈ ಎಣ್ಣೆಯನ್ನು ಮನುಷ್ಯರ ಕಾಲಿಗೆ ತಿಕ್ಕುವವರೊಬ್ಬರಿದ್ದರು. ಜತ್ತದ ಕಾಲೇಜಿನಲ್ಲಿ ನಮಗೆ ಓಟ ಕಲಿಸಿದ ಕೋಚ್. ಅವರು ತೀರಿಕೊಂಡು ಎರಡು ತಿಂಗಳಾಯಿತು. ಸತ್ತವರನ್ನು ಆಡಿಕೊಳ್ಳಬಾರದು ಅನ್ನುತ್ತಾರೆ. ಅವರು ಬದುಕಿದ್ದಾಗಲೇ ನಾನು ಒಂದು ಒಳ್ಳೆಯ ಮಾತು ಆಡಿದವನಲ್ಲ. ಈಗ ಹೊಸದಾಗಿ ಶುರುಮಾಡಿದರೆ ಅವರೇ ನಂಬಲಿಕ್ಕಿಲ್ಲ.

ತೊಂಬತ್ತರ ದಶಕದ ಮೊದಲಿಗೆ ಅವರು ಬಂದಾಗ ಕಾಲೇಜಿಗೆ ಮೈದಾನವೇ ಇರಲಿಲ್ಲವಂತೆ. ಹಿಂದಿನ ಕಲ್ಲು ಬಯಲನ್ನು ಹುಡುಗರ ಕೈಯಲ್ಲೇ ಹಸನು ಮಾಡಿಸಿ, ಮೊರಮು ಹಾಕಿಸಿ, ಸುಣ್ಣದ ಗೆರೆ ಎಳೆಸಿದರು. ಇದನ್ನು ಅವರ ಸಾಧನೆ ಎಂದು ಭಾಷಣಗಳಲ್ಲಿ ಹೇಳುತ್ತಿದ್ದರು. ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೆ ಮೇಲೆದ್ದ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತವರು ನಾವು. ಅವರು ಬೇವಿನ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಗಿಡ್ಡ ಆಳು, ಮುಂದಕ್ಕೆ ಬಂದ ಹೊಟ್ಟೆ, ತಲೆಗೆ ಬಿಳಿ ಟೋಪಿ. ಅವರು ಹತ್ತು ಹೆಜ್ಜೆ ಓಡಿದ್ದನ್ನು ನಾನು ಕಂಡಿಲ್ಲ. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಆ ಗಡಿಯಾರ ಏನು ತೋರಿಸಿತೆಂದು ನಮಗೆ ಯಾವತ್ತೂ ಹೇಳುತ್ತಿರಲಿಲ್ಲ. ಕೇಳಿದರೆ, "ವ್ಯಾಳ್ಯಾ ಗೊತ್ತಾದ್ರ ತಲಿ ಓಡ್ತದ, ಕಾಲು ನಿಂದರ್ತಾವ," ಎಂದು ಬೈಯುತ್ತಿದ್ದರು. ಹುಡುಗರು ಗೆದ್ದು ಬಂದ ಮರುದಿನ ಪೇಪರಿನಲ್ಲಿ ಫೋಟೋ ಬರುತ್ತಿತ್ತು. ನಡುವೆ ಅವರು, ಅಕ್ಕಪಕ್ಕ ಅರ್ಧರ್ಧ ಮುಖದ ಹುಡುಗರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ನನ್ನನ್ನು ಅವರು ಆರಿಸಿಕೊಂಡದ್ದು ಮೈದಾನದಲ್ಲಿ ಅಲ್ಲ, ಡಫಳಾಪುರದ ನಮ್ಮ ಅಂಗಡಿಯಲ್ಲಿ. ಅವರ ಮನೆತನಕ್ಕೆ ಗಾಡಿ ಶರ್ಯತ್ತಿನ, ಎತ್ತಿನ ಗಾಡಿ ಓಡಿಸುವ ಪಂದ್ಯದ ಹುಚ್ಚು. ಶರ್ಯತ್ತಿನ ಎತ್ತುಗಳಿಗೆ ಗೆಜ್ಜೆ, ಎಣ್ಣೆ ಒಯ್ಯಲು ಅಬ್ಬಾನ ಹತ್ತಿರ ಬರುತ್ತಿದ್ದರು. ಆಗ ನಾನು ಕಾಲೇಜಿನ ಮೊದಲ ವರ್ಷ. ಜತ್ತದಲ್ಲಿ ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಗಿರಾಕಿಯೊಬ್ಬ ಮರೆತು ಹೋದ ಕೊಡೆಯನ್ನು ಕೊಡಲು, ಆಗಲೇ ಹೊರಟುಬಿಟ್ಟ ಬಸ್ಸಿನ ಹಿಂದೆ ಓಡಿ, ಕೊಟ್ಟು, ಹಾಗೇ ಓಡುತ್ತ ವಾಪಸು ಬಂದೆ. ಕೋಚ್ ನನ್ನ ಮುಖ ನೋಡಲಿಲ್ಲ. ಎತ್ತು ಕೊಳ್ಳುವವರ ಹಾಗೆ ಬಗ್ಗಿ ಮೊಣಕಾಲು ನೋಡಿದರು. "ನಿಮ್ಮ ಹುಡುಗನ ನನ್ನ ಕಡೆ ಬಿಡ್ರಿ," ಎಂದು ಅಬ್ಬಾಗೆ ಹೇಳಿದರು. ಅಬ್ಬಾಗೆ ಹೆಮ್ಮೆ. "ಒಯ್ರಿ ಸರ, ಕುಂದ್ರಿ, ಚಾ ಕುಡೀರಿ," ಎಂದ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಕುಣಿಯುತ್ತಲೇ ಹೋಗುತ್ತಿದ್ದೆ.

ಯಾಕೆ ಒಯ್ದರೆಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಗಾಡಿ ಶರ್ಯತ್ತಿನಲ್ಲಿ ಅವರ ಕಡೆಯವರದೊಂದು ಪದ್ಧತಿಯಿತ್ತು. ಎತ್ತುಗಳ ಮುಂದೆ ಒಬ್ಬ ಸವಾರ ಕುದುರೆ ಓಡಿಸುತ್ತಾನೆ. ಎತ್ತುಗಳು ಅದನ್ನು ನೋಡಿ ಹುರುಪಿನಿಂದ ಬೆನ್ನು ಹತ್ತುತ್ತವೆ. ಗೆರೆ ಹತ್ತಿರ ಬಂದಾಗ ಕುದುರೆಯನ್ನು ಪಕ್ಕಕ್ಕೆ ಎಳೆಯುತ್ತಾರೆ, ಗಾಡಿ ಗೆಲ್ಲುತ್ತದೆ. ಕುದುರೆಗೆ ಗುಲಾಲೂ ಇಲ್ಲ, ಹಾರವೂ ಇಲ್ಲ. ಕೋಚ್ ಈ ವಿದ್ಯೆಯನ್ನು ಹಾಗೇ ತಂದು ಐದು ಸಾವಿರ ಮೀಟರಿನ ಓಟಕ್ಕೆ ಹಚ್ಚಿದ್ದರು. ಅದು ಹನ್ನೆರಡೂವರೆ ಸುತ್ತಿನ ಓಟ. ಎತ್ತು ಎಂದರೆ ಸೊರಡಿಯಿಂದ ಬರುತ್ತಿದ್ದ ನನ್ನ ತರಗತಿಯ ಗೆಳೆಯ. ಅಡ್ಡ ವಿಭೂತಿ ಹಚ್ಚಿಕೊಂಡು ಬರುವ ಮೆದು ಹುಡುಗ, ಕೋಚ್ ಅವರ ಕಣ್ಮಣಿ. ಕುದುರೆ ನಾನು. ಎಂಟು ಸುತ್ತು ಗಾಳಿ ಸೀಳುತ್ತ ಮುಂದೆ ಓಡಬೇಕು, ಸೊರಡಿಯವನು ನನ್ನ ಬೆನ್ನಿಗೆ ಅಂಟಿಕೊಂಡು ಬರಬೇಕು. ಎಂಟು ಮುಗಿದು ಬೇವಿನ ಮರದ ನೇರಕ್ಕೆ ಬಂದಾಗ ಕೋಚ್ ಸೀಟಿ ಊದಬೇಕು, ನಾನು ಗೆರೆ ದಾಟಿ ಹೊರಗೆ ಬೀಳಬೇಕು.

ದಿನಾ ಬೆಳಿಗ್ಗೆ ಇದೇ ತಾಲೀಮು. ಎಂಟು ಸುತ್ತು, ಸೀಟಿ, ಹೊರಗೆ. ಒಂದು ಸಲ ಉಸಿರು ಇನ್ನೂ ಗಟ್ಟಿಯಿದೆ ಎಂದು ಒಂಬತ್ತನೆಯ ಸುತ್ತಿಗೆ ಹೋದೆ. ಎಲ್ಲರೆದುರು ಕಪಾಳಕ್ಕೆ ಬಿತ್ತು. ಪೆಟ್ಟು ಕೊಟ್ಟ ಕೈಯಿಂದಲೇ ಸಂಜೆ ನನ್ನ ಕಾಲಿಗೆ ಎತ್ತಿನ ಎಣ್ಣೆ ತಿಕ್ಕಿದರು. ಆಮೇಲೆ ನನಗೆ ಒಂಬತ್ತನೆಯದರ ಆಸೆಯೇ ಹುಟ್ಟಲಿಲ್ಲ. ಎರಡು ವರ್ಷದಲ್ಲಿ ಸೊರಡಿಯವನಿಗೆ ಕಪಾಟು ತುಂಬ ಕಪ್ಪುಗಳು ಬಂದವು, ಕೋಚ್ ಅವರಿಗೆ ಬಡ್ತಿ ಬಂತು, ಜಿಲ್ಲಾ ಕಮಿಟಿಯಲ್ಲಿ ಕುರ್ಚಿ ಬಂತು. ನನ್ನ ಹೆಸರಿನ ಮುಂದೆ ಪ್ರತಿ ಸಲ ಒಂದೇ ಷರಾ, ‘ಓಟ ಪೂರ್ತಿಗೊಳಿಸಲಿಲ್ಲ’.

ಮೂರನೆಯ ವರ್ಷ ನಾನು ಹಟ ಹಿಡಿದೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯ ಓಟವಿತ್ತು. ಮೊದಲು ಬಂದ ಇಬ್ಬರನ್ನು ತೆಗೆದುಕೊಳ್ಳುವವರಿದ್ದರು. ಆ ತಂಡದಲ್ಲಿ ಓಡಿದ ಪ್ರಮಾಣಪತ್ರ ಇದ್ದರೆ ಪೋಲೀಸ್ ಭರ್ತಿಯಲ್ಲಿ ಹೆಸರು ಮೇಲಕ್ಕೆ ಹೋಗುತ್ತಿತ್ತು. ನನಗೆ ಬೇಕಾದದ್ದು ಅದು, ಜೊತೆಗೆ ಇನ್ನೊಂದೂ ಇತ್ತು. ನಾನು ಓಟಗಾರನೋ, ಬರೀ ಎಂಟು ಸುತ್ತಿನ ಗಿರಾಕಿಯೋ ಎಂದು ಒಮ್ಮೆಯಾದರೂ ತಿಳಿಯಬೇಕಿತ್ತು. ಬೇವಿನ ಮರದ ಕೆಳಗೆ ಹೋಗಿ ನಿಂತೆ.

"ಸರ, ಇದೊಂದ ಸಲ ಪೂರಾ ಓಡ್ತೀನ್ರಿ. ಇಬ್ಬರಿಗೂ ಜಾಗಾ ಐತಿ."

"ಕುದರಿಗೆ ಯಾವತ್ತರ ಇನಾಮ ಕೊಟ್ಟಾರೇನು?" ಎಂದು ನಕ್ಕರು. ನಾನು ಕದಲಲಿಲ್ಲ. ಟೋಪಿ ತೆಗೆದು ಬೆವರು ಒರೆಸಿಕೊಂಡು, "ನೋಡೂಣು ಹೋಗು," ಎಂದರು. ಅದು ಹೂಂ ಎಂದಂತೆಯೋ ಊಹೂಂ ಎಂದಂತೆಯೋ ತಿಳಿಯಲಿಲ್ಲ.

ದೂರದ ಊರಿನ ದೊಡ್ಡ ಮೈದಾನ. ಅಬ್ಬಾ ಅವತ್ತು ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದ. ಕೋಚ್ ನನಗೆ ಏನೂ ಹೇಳಲಿಲ್ಲ. ಕಣ್ಣು ಕೊಟ್ಟೂ ನೋಡಲಿಲ್ಲ. ಓಟ ಶುರುವಾಯಿತು, ಎಂದಿನಂತೆ ಮುಂದೆ ಹೋದೆ. ಬೆನ್ನ ಹಿಂದೆ ಸೊರಡಿಯವನ ಉಸಿರು ಕೇಳಿಸುತ್ತಿತ್ತು. ಐದು, ಆರು, ಏಳು... ಅವನ ಉಸಿರು ಒಡೆಯುತ್ತಿತ್ತು, ನನ್ನದು ಇನ್ನೂ ಸಮನಾಗಿತ್ತು. ಅವತ್ತಿನಷ್ಟು ಹಗುರಾಗಿ ನಾನು ಎಂದೂ ಓಡಿರಲಿಲ್ಲ. ನಮ್ಮಿಬ್ಬರ ಹಿಂದೆ ಉಳಿದವರು ಬಹಳ ದೂರದಲ್ಲಿದ್ದರು. ಎಂಟನೆಯ ಸುತ್ತು ಮುಗಿಯುವಲ್ಲಿ ಕೋಚ್ ನಿಂತಿದ್ದರು, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು. ಸೀಟಿ ಕೇಳಲಿಲ್ಲ. ಕೇಳಲಿಲ್ಲ ಎಂಬುದು ತಲೆಗೆ ಹೋಗುವಷ್ಟರಲ್ಲಿ ನನ್ನ ಕಾಲುಗಳು ಗೆರೆ ದಾಟಿ ಹುಲ್ಲಿನ ಮೇಲೆ ನಿಂತಿದ್ದವು.

ಒಮ್ಮೆ ಹೊರಗೆ ಬಂದವನಿಗೆ ಮತ್ತೆ ಒಳಗೆ ಹೋಗುವ ಹಾಗಿಲ್ಲ. ಅಲ್ಲೇ ನಿಂತು ಉಳಿದ ನಾಲ್ಕೂವರೆ ಸುತ್ತು ನೋಡಿದೆ. ಮುಂದೆ ಎಳೆಯುವವನಿಲ್ಲದೆ ಸೊರಡಿಯವನು ಸೋತು ಐದನೆಯವನಾಗಿ ಬಂದ. ಅಬ್ಬಾ ಹತ್ತಿರ ಬಂದು, "ಕಾಯ್ಕು ರೇ?" ಎಂದಷ್ಟೇ ಕೇಳಿದ. ಯಾಕೋ, ಎಂದು. ಅಷ್ಟರಲ್ಲಿ ಕೋಚ್ ಬಂದರು.

"ನಾ ಸೀಟಿ ಊದಿದ್ನೇನು?"

"ಇಲ್ರಿ."

"ಮತ್ತ್ಯಾಕ ಹೊರಗ ಬಂದಿ, ಕತ್ತಿ?"

ಎರಡು ವರ್ಷ ಹೊರಗೆ ಬಾ ಎಂದು ಹೊಡೆದು ಕಲಿಸಿದ ಮನುಷ್ಯ, ಒಂದು ದಿನ ಬಾಯಿ ಮುಚ್ಚಿ ನಿಂತು, ಯಾಕೆ ಬಂದೆ ಎಂದು ಕೇಳಿದರೆ ಏನು ಹೇಳುವುದು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಭರ್ತಿಗೆ ಹೋಗಿ ಪಟ್ಟಿಯ ಕೆಳಗೆ ಉಳಿದೆ, ಅಂಗಡಿಗೆ ಬಂದು ಕೂತೆ. ಅಬ್ಬಾ ತೀರಿಕೊಂಡ ವರ್ಷ ನಾನು ಮೊಟ್ಟಮೊದಲು ಮಾಡಿದ ಕೆಲಸವೆಂದರೆ ಆ ಎಣ್ಣೆಯ ಶೀಸೆಗಳನ್ನೆಲ್ಲ ಬೇರೆ ಅಂಗಡಿಗೆ ದಾಟಿಸಿದ್ದು.

ಇಷ್ಟೇ ಆಗಿದ್ದರೆ ನಾನು ಮರೆತೂಬಿಡುತ್ತಿದ್ದೆನೇನೋ. ಆದರೆ ಅವರು ಅದನ್ನೊಂದು ನಗೆಯ ಕಥೆ ಮಾಡಿದರು. ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತಿದ್ದರಂತೆ. "ನನ್ನ ಕಡೆ ಒಂದ ಕುದರಿ ಇತ್ತು, ಸೀಟಿ ಊದದಿದ್ರೂ ತಾನ ನಿಂದರ್ತಿತ್ತು!" ಗಿರಾಕಿಗಳು ಅಂಗಡಿಗೆ ಬಂದು ನನಗೇ ಆ ಕಥೆ ಹೇಳುತ್ತಿದ್ದರು, ಕುದುರೆ ಯಾರೆಂದು ಗೊತ್ತಿಲ್ಲದೆ. ಎರಡು ಸಾವಿರದ ದಶಕದ ನಡುವೆ ಅವರು ನಿವೃತ್ತರಾದಾಗ ಶಾಲು, ತೆಂಗಿನಕಾಯಿ ಕೊಟ್ಟು ದೊಡ್ಡ ಸಮಾರಂಭ ಮಾಡಿದರು. ಸೊರಡಿಯ ಗೆಳೆಯ, ಆಗಲೇ ಸಾಲಿ ಮಾಸ್ತರನಾಗಿದ್ದವನು, ನನ್ನನ್ನು ಎಳೆದುಕೊಂಡು ಹೋದ. ಅಲ್ಲೂ ಅದೇ ಕಥೆ, ಸಭೆಯೆಲ್ಲ ಗೊಳ್ಳೆಂದಿತು. ನಾನು ಎದ್ದು ಹೊರಗೆ ನಡೆದೆ. ಬಾಗಿಲಲ್ಲಿ ಯಾರೋ ಹಿಂದಿನಿಂದ, "ನೋಡ್ರಿ, ಈಗೂ ಹೊರಗ ಹೊಂಟಾನ," ಎಂದರು.

ಹೋದ ಚಳಿಗಾಲದಲ್ಲಿ ಅವರು ಒಮ್ಮೆ ಅಂಗಡಿಗೆ ಬಂದರು. ಹೊಟ್ಟೆ ಕರಗಿತ್ತು, ಟೋಪಿ ಕಿವಿಯ ತನಕ ಇಳಿದಿತ್ತು. ಎಮ್ಮೆಗೊಂದು ಸರಪಳಿ ಕೇಳಿದರು. ಗಿರಾಕಿಗಳಿಗೆ ಹೇಳುವ ಹಾಗೆ ಬರ್ರಿ, ಕುಂದ್ರಿ ಎಂದು ನಾನು ಹೇಳಲಿಲ್ಲ. ಸರಪಳಿಯನ್ನು ಜಗ್ಗಿ ನೋಡುತ್ತ, ತಲೆ ಎತ್ತದೆ ಅವರೇ ಶುರುಮಾಡಿದರು.

"ಅವತ್ತ ಸೀಟಿ ಬೇಕಂತನ ಕಿಸೇದಾಗ ಇಟ್ಟಿದ್ನಿ. ನೀನೂ ಮುಗಸಲಿ ಅಂತ."

"ಮೊದಲ ಹೇಳಬೇಕಾಗಿತ್ತಲ್ರಿ," ಎಂದೆ.

"ಹೇಳಿದ್ರ ನೀ ಕಾಲು ಉಳಸ್ಕೊಂಡು ಓಡ್ತಿದ್ದಿ. ಎಂಟು ಸುತ್ತು ಅವನ್ನ ಯಾರು ಎಳೀತಿದ್ರು?"

ನೋಡಿ, ಇದು ಆ ಮನುಷ್ಯನ ದಯೆ! ಕೊಟ್ಟದ್ದನ್ನೂ ಮುಚ್ಚಿಟ್ಟು ಕೊಡುವುದು, ಸೊರಡಿಯವನ ಊಟ ಮುಗಿದ ಮೇಲೆ ಉಳಿದದ್ದನ್ನು ನನಗೆ ಬಡಿಸುವುದು. ಇಷ್ಟು ವರ್ಷ ಕಾಯ್ದು ಈಗ ಹೇಳಲು ಬಂದಿದ್ದಾರೆ ಎಂದು ಸಿಟ್ಟು ನೆತ್ತಿಗೇರಿತು. ಸರಪಳಿಯನ್ನು ಕಾಗದದಲ್ಲಿ ಸುತ್ತಿ ಮುಂದೆ ತಳ್ಳಿದೆ. ಅವರು ತಕ್ಷಣ ಹೋಗಲಿಲ್ಲ. ಕಟ್ಟೆಗೆ ಕೈಯೂರಿ ನಿಂತೇ ಇದ್ದರು.

"ಮತ್ತೇನರ ಕೇಳೂದ ಐತೇನಪಾ?"

"ಏನಿಲ್ಲ," ಎಂದು ನಾನು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದೆ. ಅವರು ಮೆಲ್ಲಗೆ ಇಳಿದು ಬಸ್ ನಿಲ್ದಾಣದ ಕಡೆ ಹೋದರು.

ಅವರು ತೀರಿಕೊಂಡ ಮೇಲೆ ಕಾಲೇಜಿನಲ್ಲಿ ಸಂತಾಪ ಸಭೆ ಮಾಡಿದರು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಯಾಕೆ ಹೋದೆನೋ... ಸೊರಡಿಯ ಗೆಳೆಯ ಮಾತಾಡುತ್ತ ಅತ್ತ. ಸರ್ ಕಣ್ಣು ಎಂಥದ್ದು ಅಂದರೆ, ಎಂಟನೆಯ ಸುತ್ತಿಗೆ ಯಾರ ಕಾಲಿನಲ್ಲಿ ಎಷ್ಟು ಉಳಿದಿದೆ, ಯಾರು ಎಷ್ಟನೆಯವನಾಗಿ ಬರುತ್ತಾನೆ ಎಂದು ಹೇಳುತ್ತಿದ್ದರು, ಒಮ್ಮೆಯೂ ತಪ್ಪಲಿಲ್ಲ ಎಂದ. ಅದು ಸುಳ್ಳಲ್ಲ. ನಾನೇ ಹತ್ತಾರು ಸಲ ಕಂಡಿದ್ದೇನೆ. ನನ್ನನ್ನೂ ನಾಲ್ಕು ಮಾತು ಆಡಲು ಕರೆದರು, ಕೈ ಆಡಿಸಿ ಬೇಡವೆಂದೆ.

ಅವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸುವ ಮನಸ್ಸೂ ಇಲ್ಲ. ಆದರೆ ಈಗೀಗ ಅಂಗಡಿಯ ಬಾಗಿಲು ಹಾಕುವಾಗ ಬೇರೊಂದು ಸಂಕಟವಾಗುತ್ತದೆ. ಅವತ್ತು ನಾನು ಹೊರಗೆ ಬರದಿದ್ದರೆ ಎಷ್ಟನೆಯವನಾಗಿ ಬರುತ್ತಿದ್ದೆ? ಅದನ್ನು ಹೇಳಬಲ್ಲವರು ಅವರೊಬ್ಬರೇ ಇದ್ದರು. ಹೇಳಲೆಂದೇ ಕಟ್ಟೆಗೆ ಕೈಯೂರಿ ನಿಂತಿದ್ದರು. ನಾನು ಕೇಳಲಿಲ್ಲ.